ಮೊದಲನೇ ಪ್ರಶ್ನೆಯ ಮೇಷ್ಟ್ರು

ಕರಿಬಸವಯ್ಯ ಮೇಷ್ಟ್ರನ್ನು ‘ಬಸ್ಸು ಎಷ್ಟೊತ್ತಿಗೆ ಬರುತ್ತೆ ಸಾರ್’ ಎಂದು ಕೇಳಿದವರಿಗೆ ಬಸ್ಸು ತಪ್ಪುವುದು ಗ್ಯಾರಂಟಿಯಾಗಿತ್ತು. ಮೇಷ್ಟ್ರು ಆ ರಸ್ತೆಗೆ ಮೊದಲು ಜಲ್ಲಿ ಹಾಕಿಸಿದ ಅಮಲ್ದಾರನಿಂದ ಶುರು ಮಾಡಿ, ಅವನ ಕುದುರೆಯ ಬಣ್ಣ ಹೇಳಿ, ಆ ಕುದುರೆ ಕೆರೆ ಏರಿಯ ಮೇಲೆ ಮುಗ್ಗರಿಸಿದ ಘಟ್ಟಕ್ಕೆ ಬರುವಷ್ಟರಲ್ಲಿ ಬಸ್ಸು ಬಂದು, ಹಾರನ್ ಹೊಡೆದು, ಹೊರಟೂ ಹೋಗಿರುತ್ತಿತ್ತು. ಊರಿನವರು ಇದನ್ನು ಬಲ್ಲವರಾದ್ದರಿಂದ ಅವರನ್ನು ಏನನ್ನೂ ಕೇಳುತ್ತಿರಲಿಲ್ಲ. ಎದುರಿಗೆ ಸಿಕ್ಕರೆ ನಮಸ್ಕಾರವನ್ನೂ ನಡೆಯುತ್ತಲೇ ಮಾಡಿ ಮುಗಿಸುತ್ತಿದ್ದರು.

ಹಂದನಕೆರೆಗೆ ಎರಡು ಮೈಲಿ ದೂರದ ಹಳ್ಳಿಯಲ್ಲಿ ಅವರ ಮನೆ, ಅಲ್ಲೇ ಪ್ರೈಮರಿ ಶಾಲೆ. ಹದಿನೇಳು ವರ್ಷದಿಂದ ಮೂರನೇ ಕ್ಲಾಸಿಗೆ ಮಗ್ಗಿ, ಕಾಗುಣಿತ ಹೇಳಿಕೊಡುತ್ತಿದ್ದರು. ಆದರೆ ಅವರ ಜೀವವೆಲ್ಲ ಇತಿಹಾಸದಲ್ಲಿತ್ತು. ಮಗ್ಗಿ ಮುಗಿದ ಮೇಲೆ ಮಕ್ಕಳಿಗೆ ಅಶೋಕನ ಕಥೆ ಶುರು ಮಾಡುತ್ತಿದ್ದರು. ಎಂಟು ವರ್ಷದ ಮಕ್ಕಳು ಎಷ್ಟು ಹೊತ್ತು ಕೂತಾವು? ಕಳಿಂಗದ ಗಡಿಗೆ ಸೈನ್ಯ ಬಂತು ಎನ್ನುವಾಗ ಯಾವುದಾದರೊಂದು ಕಿರುಬೆರಳು ಮೇಲೇಳುತ್ತಿತ್ತು: ‘ಸಾರ್, ಒಂದಕ್ಕೆ.’ ಅದರ ಹಿಂದೆ ಇನ್ನೂ ಹತ್ತು ಬೆರಳು. ಹದಿನೇಳು ವರ್ಷದಲ್ಲಿ ಅಶೋಕ ಒಂದು ಸಲವೂ ಕಳಿಂಗವನ್ನು ಪೂರ್ತಿಯಾಗಿ ಗೆದ್ದಿರಲಿಲ್ಲ.

ಇಂಥ ಮನುಷ್ಯ ಬಿ.ಎ. ಪರೀಕ್ಷೆಗೆ ಕಟ್ಟಿದರು. ಆಗ ಕಾಲೇಜಿನ ಮೆಟ್ಟಿಲು ಹತ್ತದೆ, ಮನೆಯಲ್ಲೇ ಓದಿಕೊಂಡು, ಫೀಸು ಕಟ್ಟಿ, ಪರೀಕ್ಷೆ ಮಾತ್ರ ಬರೆದು ಪದವಿ ತೆಗೆದುಕೊಳ್ಳುವ ಅವಕಾಶವಿತ್ತು. ತಾಲೂಕಿನ ಅರ್ಧ ಮೇಷ್ಟ್ರುಗಳು ಹೀಗೆ ಕಟ್ಟುತ್ತಿದ್ದರು, ಅದರಲ್ಲಿ ಅರ್ಧ ಜನ ಹಾಲ್ ಟಿಕೆಟ್ಟು ಬಂದ ಮೇಲೆ ಪುಸ್ತಕ ಹುಡುಕುತ್ತಿದ್ದರು. ಕರಿಬಸವಯ್ಯನವರು ಹಾಗಲ್ಲ. ಪ್ರತಿ ಪುಸ್ತಕವನ್ನೂ ಮೂರು ಸಲ ಓದಿ, ಅಂಚಿನಲ್ಲಿ ಲೇಖಕನ ಜೊತೆ ಪೆನ್ಸಿಲ್ಲಿನಲ್ಲಿ ಜಗಳವಾಡಿದ್ದರು. ಇಂಗ್ಲಿಷಿನಲ್ಲಿ ಮೊದಲನೇ ಸಲಕ್ಕೇ ಪಾಸಾದರು. ಇಂಗ್ಲಿಷಿನಲ್ಲಿ ಅವರಿಗೆ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲವಾದ್ದರಿಂದ ಎಲ್ಲ ಪ್ರಶ್ನೆಗಳೂ ಹೊತ್ತಿಗೆ ಸರಿಯಾಗಿ ಮುಗಿದಿದ್ದವು. ಕನ್ನಡ, ರಾಜ್ಯಶಾಸ್ತ್ರ ಎಲ್ಲ ಹೇಗೋ ದಾಟಿದರು. ಡುಮ್ಕಿ ಹೊಡೆದದ್ದು ಇತಿಹಾಸದಲ್ಲಿ, ಅದೂ ಒಂದೇ ಪತ್ರಿಕೆಯಲ್ಲಿ. ಎಪ್ಪತ್ತೊಂಬತ್ತರಲ್ಲಿ ಹದಿನಾರು ಮಾರ್ಕು. ಎಂಬತ್ತರಲ್ಲಿ ಹದಿನೇಳು. ಮುಂದಿನ ವರ್ಷ ಹದಿನೈದು. ಆಮೇಲೆ ಮತ್ತೆ ಹದಿನಾರು, ಮತ್ತೆ ಹದಿನೇಳು. ಪಾಸಾಗಲು ಬೇಕಾದದ್ದು ಮೂವತ್ತೈದು.

“ಮಾರ್ಕ್ ಹಾಕೋರು ಓದೋದೇ ಇಲ್ಲ ಕಣೇ. ಪೇಪರ್ನ ತಕ್ಕಡೀಲಿಟ್ಟು ತೂಕ ಹಾಕ್ತಾರೆ ಅಷ್ಟೇ,” ಎಂದು ಮೇಷ್ಟ್ರು ಪ್ರತಿ ಜೂನ್ ತಿಂಗಳಲ್ಲೂ ಹೆಂಡತಿಯ ಹತ್ತಿರ ಗೊಣಗುತ್ತಿದ್ದರು.

ಹೆಂಡತಿ ದ್ರಾಕ್ಷಾಯಣಮ್ಮ ಕಂದಿಕೆರೆಯ ತೋಟದ ಮನೆತನದ ಹೆಣ್ಣುಮಗಳು, ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಎರಡೆಕರೆ ತೆಂಗಿನ ತೋಟ, ಎರಡು ಎಮ್ಮೆ, ಅಟ್ಟದ ತುಂಬ ಕೊಬ್ಬರಿಗೆ ಒಣಗಲು ಹಾಕಿದ ಕಾಯಿ, ಒಬ್ಬ ಗಂಡ, ಇಷ್ಟನ್ನೂ ಅವರೊಬ್ಬರೇ ನೋಡಿಕೊಳ್ಳುತ್ತಿದ್ದರು. ಇದರಲ್ಲಿ ಮಾತಾಡುವ ಪ್ರಾಣಿ ಒಂದೇ ಆದ್ದರಿಂದ ಅದರ ಮಾತಿಗೆ ಹೆಚ್ಚು ಬೆಲೆ ಕೊಡುತ್ತಿರಲಿಲ್ಲ. ಆದರೆ ಎಂಬತ್ತಮೂರರ ಡಿಸೆಂಬರಿನಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು, ಅವರು ಕೂತು ಯೋಚಿಸಬೇಕಾಯಿತು.

ಮೊದಲನೆಯದು ಯೂನಿವರ್ಸಿಟಿಯಿಂದ ಬಂದ ಕಾಗದ. ಹಳೇ ಸಿಲಬಸ್ಸಿನವರಿಗೆ ಬರುವ ಏಪ್ರಿಲ್ಲಿನದೇ ಕೊನೆಯ ಪರೀಕ್ಷೆ. ಅದರಲ್ಲಿ ಪಾಸಾಗದವರು ಹೊಸದಾಗಿ ಮೊದಲನೇ ವರ್ಷದಿಂದಲೇ ಎಲ್ಲ ವಿಷಯವನ್ನೂ ಕಟ್ಟಬೇಕು. ಎರಡನೆಯದನ್ನು ಕೊಬ್ಬರಿ ಮಂಡಿಯ ಮಲ್ಲಿಕಾರ್ಜುನಯ್ಯನವರೇ ಮನೆಗೆ ಬಂದು ಹೇಳಿದರು. ಊರಿಗೆ ಹೈಸ್ಕೂಲು ಬರುತ್ತಿತ್ತು, ಅದರ ಕಮಿಟಿಗೆ ಅವರೇ ಅಧ್ಯಕ್ಷರು.

“ಮೇಷ್ಟ್ರೇ, ಜೂನ್ ಒಳಗೆ ಬಿ.ಎ. ಅನ್ನೋ ಎರಡಕ್ಷರ ತಂದು ನನ್ ಕೈಲಿಡಿ, ಹೈಸ್ಕೂಲಿನ ಇತಿಹಾಸ ನಿಮ್ದೇ. ಬಿ.ಎಡ್ಡು ಗೀಯೆಡ್ಡು ಆಮೇಲೆ ನೋಡ್ಕಂಡ್ರಾಯ್ತು. ತರ್ಲಿಲ್ಲ ಅಂದ್ರೆ ನನ್ ಸೋದರಳಿಯ ಹೆಂಗೂ ಅವ್ನೆ.”

ಆ ಸೋದರಳಿಯ ಬಿ.ಎ. ಪಾಸಾಗಿದ್ದ. ಅಶೋಕನೂ ಅಕ್ಬರನೂ ಅಣ್ಣತಮ್ಮಂದಿರು ಎಂದು ತಿಳಿದಿದ್ದ, ಆದರೆ ಪಾಸಾಗಿದ್ದ.

ಮೇಷ್ಟ್ರು ಆ ಸಂಜೆ ಕಾಫಿ ಕುಡಿಯಲಿಲ್ಲ. ಜಗಲಿಯಲ್ಲಿ ಕೂತು, “ಹೈಸ್ಕೂಲ್ ಹುಡುಗ್ರು ನಲವತ್ತು ನಿಮಿಷ ಎದ್ದೋಗಲ್ಲ ಕಣೇ. ನಲವತ್ತು ನಿಮಿಷ!” ಎಂದರು. ಅವರ ದನಿ ಹೇಗಿತ್ತೆಂದರೆ ದ್ರಾಕ್ಷಾಯಣಮ್ಮನಿಗೆ ನಗು ಬರಬೇಕಾದ ಕಡೆ ನಗು ಬರಲಿಲ್ಲ. ಐದು ವರ್ಷದಲ್ಲಿ ಕೇಳದೇ ಬಿಟ್ಟಿದ್ದ ಒಂದು ಪ್ರಶ್ನೆಯನ್ನು ಅವರು ಆವತ್ತು ಕೇಳಿದರು.

“ಅಲ್ರೀ, ಆ ಪರೀಕ್ಷೇಲಿ ಒಟ್ಟು ಎಷ್ಟು ಪ್ರಶ್ನೆ ಬರೀಬೇಕು?”

“ಐದು ದೊಡ್ಡವು, ಒಂದೊಂದಕ್ಕೆ ಹದಿನೆಂಟು ಮಾರ್ಕು. ಕೊನೇಲಿ ಹತ್ತು ಮಾರ್ಕಿಗೆ ಟಿಪ್ಪಣಿ.”

“ಈ ವರ್ಷ ನೀವೆಷ್ಟು ಬರೆದ್ರಿ?”

“ಒಂದು.”

“ಮಿಕ್ಕಿದ್ದು?”

“ಹೊತ್ತಾಗ್ಲಿಲ್ಲ.”

“ಹೋದ್ಸಲ?”

“ಹೋದ್ಸಲಾನೂ ಒಂದೇ. ಮೊದಲ್ನೇ ಪಾಣಿಪತ್ ಯುದ್ಧದ ಕಾರಣ ಬರೀರಿ ಅಂದಿದ್ರು. ಬಾಬರ್ ಇನ್ನೂ ಸಿಂಧೂ ನದಿ ದಾಟಿರ್ಲಿಲ್ಲ, ಗಂಟೆ ಹೊಡೆದ್ಬಿಟ್ರು.”

ದ್ರಾಕ್ಷಾಯಣಮ್ಮ ತಲೆಯ ಮೇಲೆ ಕೈ ಹೊತ್ತು ಕೂತರು. ಐದು ವರ್ಷ! ಊರಿನವರೆಲ್ಲ ‘ಮೇಷ್ಟ್ರ ತಲೆಗೆ ಹತ್ತಲಿಲ್ಲ’ ಎಂದುಕೊಂಡಿದ್ದರೆ, ಈ ಮಹಾನುಭಾವ ವರ್ಷಕ್ಕೊಂದು ಪ್ರಶ್ನೆಗೆ ಮೂರು ಗಂಟೆ ಬರೆದು, ಹದಿನೆಂಟಕ್ಕೆ ಹದಿನೇಳು ತೆಗೆದುಕೊಂಡು, ನೂರಕ್ಕೆ ಹದಿನೇಳು ಬಂತೆಂದು ಸರ್ಕಾರವನ್ನು ಬೈಯುತ್ತಿದ್ದರು.

“ಹದಿನೆಂಟು ಮಾರ್ಕಿನ ಪ್ರಶ್ನೆಗೆ ನೀವು ರಾಮಾಯಣ ಬರೆದ್ರೂ ಹತ್ತೊಂಬತ್ತು ಕೊಡ್ತಾರೇನ್ರೀ?”

“ವಿವರವಾಗಿ ಬರೆಯಿರಿ ಅಂತ ಅವ್ರೇ ಕೇಳಿರ್ತಾರಲ್ಲೇ!” ಎಂದರು ಮೇಷ್ಟ್ರು.

ಅದರಲ್ಲಿ ಕಪಟವಿರಲಿಲ್ಲ. ಪ್ರಪಂಚದಲ್ಲಿ ಯಾರೂ ಅವರನ್ನು ಏನನ್ನೂ ಕೇಳುತ್ತಿರಲಿಲ್ಲ. ಕೇಳಿದವರು ಉತ್ತರ ಬರುವ ಮೊದಲೇ ಕಾಲು ಕೀಳುತ್ತಿದ್ದರು. ವರ್ಷಕ್ಕೊಂದು ಸಲ, ಏಪ್ರಿಲ್ ತಿಂಗಳಲ್ಲಿ, ಅಚ್ಚು ಹಾಕಿದ ಕಾಗದದಲ್ಲಿ, ಯಾರೋ ಒಬ್ಬ ಪುಣ್ಯಾತ್ಮ ‘ವಿವರವಾಗಿ ಬರೆಯಿರಿ’ ಎಂದು ಕೇಳುತ್ತಿದ್ದ. ಅಂಥವನಿಗೆ ಅರ್ಧಂಬರ್ಧ ಹೇಳಿ ಕಳಿಸುವುದು ಮೇಷ್ಟ್ರಿಗೆ ಮನೆಗೆ ಬಂದ ನೆಂಟನನ್ನು ಅರ್ಧ ಊಟಕ್ಕೆ ಎಬ್ಬಿಸಿದಂತೆ ಅನ್ನಿಸುತ್ತಿತ್ತು.

ಆವತ್ತಿನಿಂದ ತಾಲೀಮು ಶುರುವಾಯಿತು. ಮೂರು ಗಂಟೆಗೆ ಆರು ಅರ್ಧ ಗಂಟೆ. ಐದು ಅರ್ಧ ಗಂಟೆ ಐದು ಪ್ರಶ್ನೆಗೆ, ಕೊನೆಯ ಅರ್ಧ ಗಂಟೆ ಟಿಪ್ಪಣಿಗೆ. ಲೆಕ್ಕ ಸುಲಭ, ಆದರೆ ಅರ್ಧ ಗಂಟೆ ಆಯಿತೆಂದು ಹೇಳುವವರು ಯಾರು? ಮೇಷ್ಟ್ರ ಮದುವೆಯಲ್ಲಿ ಬಂದ ಕೈಗಡಿಯಾರ ಅವರಂತೆಯೇ ಹಿಂದಕ್ಕೆ ಎಳೆಯುತ್ತಿತ್ತು. ದ್ರಾಕ್ಷಾಯಣಮ್ಮ ಹಗಲೆಲ್ಲ ತೋಟದಲ್ಲಿರಬೇಕು. ಆಗ ಅವರಿಗೆ ಗಿಡ್ಡಯ್ಯ ನೆನಪಾದ.

ಗಿಡ್ಡಯ್ಯ ಆ ಸುತ್ತಿನಲ್ಲೇ ಹೆಸರಾದ ಕಾಯಿ ಸುಲಿಯುವವನು. ಹೆಸರು ಗಿಡ್ಡಯ್ಯನಾದರೂ ಆಳು ಆರಡಿ. ನೆಲದಲ್ಲಿ ನೆಟ್ಟ ಹಾರೆಯ ಮೊನೆಗೆ ಕಾಯಿ ಕುಕ್ಕಿ ಮೂರು ತಿರುವು ತಿರುವಿದರೆ ಮಟ್ಟೆ ಒಂದು ಕಡೆ, ಕಾಯಿ ಒಂದು ಕಡೆ. ಅರ್ಧ ಗಂಟೆಗೆ ಅರವತ್ತು ಕಾಯಿ. ರೇಡಿಯೋದ ವಾರ್ತೆಗೆ ಹೊಂದಿಸಿ ನೋಡಿದರೂ ಒಂದು ಕಾಯಿ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಹೇಗೂ ಅಟ್ಟದ ಮೇಲಿನ ಕಾಯಿ ವರ್ಷ ತುಂಬಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಡುಗುಡು ಎನ್ನುತ್ತಿತ್ತು. ಸುಲಿಸಲೇಬೇಕಿತ್ತು. ಒಂದೇ ಕೂಲಿಗೆ ಕಾಯಿಯೂ ಆಯಿತು, ಗಡಿಯಾರವೂ ಆಯಿತು ಎಂದು ದ್ರಾಕ್ಷಾಯಣಮ್ಮ ತಮ್ಮ ಬುದ್ಧಿಗೆ ತಾವೇ ಮೆಚ್ಚಿಕೊಂಡರು.

“ನೋಡು ಗಿಡ್ಡಯ್ಯ, ಅರವತ್ತು ಕಾಯಿ ಆದೇಟ್ಗೆ ‘ಆಯ್ತು’ ಅಂತ ಕೂಗು. ಇವ್ರು ಮುಂದಿನ ಪ್ರಶ್ನೆಗೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ನಂಗೆ ಹೇಳು.”

“ಅಷ್ಟೇನಾ ಅಮ್ಮಾವ್ರೆ? ಬುಡಿ, ನಾ ನೋಡ್ಕತೀನಿ.”

ಹಿತ್ತಿಲಿನ ಚಪ್ಪರದ ಕೆಳಗೆ ಒಂದು ಕಡೆ ಗಿಡ್ಡಯ್ಯನ ಹಾರೆ, ಇನ್ನೊಂದು ಕಡೆ ಮೇಷ್ಟ್ರ ಡೆಸ್ಕು. ‘ಒಂದು’ ಎನ್ನುವ ಬದಲು ‘ಲಾಭ’ ಎಂದು ಎಣಿಕೆ ಶುರು ಮಾಡುವುದು ಆ ಕಡೆಯ ರೂಢಿ. ‘ಲಾಭ, ಎರಡು, ಮೂರು’ ಎಂದು ಗಿಡ್ಡಯ್ಯ ಹೊರಟ. ಮೇಷ್ಟ್ರೂ ಹೊರಟರು. ದ್ರಾಕ್ಷಾಯಣಮ್ಮ ನೆಮ್ಮದಿಯಿಂದ ತೋಟಕ್ಕೆ ನೀರು ಕಟ್ಟಲು ಹೋದರು.

ಅವರು ಒಂದು ವಿಷಯ ಮರೆತಿದ್ದರು. ಮೇಷ್ಟ್ರಿಗೆ ಬಾಯಲ್ಲಿ ಹೇಳಿಕೊಳ್ಳದೆ ಕೈಯಲ್ಲಿ ಬರೆಯಲು ಬರುತ್ತಿರಲಿಲ್ಲ. ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಹೇಳಿಯೇ ಕಾಗದಕ್ಕೆ ಇಳಿಸುತ್ತಿದ್ದರು. “ಬಾಬರನ ತಂದೆಯು ಕೋಟೆಯ ಅಂಚಿನಲ್ಲಿದ್ದ ಪಾರಿವಾಳದ ಗೂಡಿನಲ್ಲಿರುವಾಗ, ಗೂಡು ಕುಸಿದು, ಗೂಡಿನ ಸಮೇತ ಕಣಿವೆಗೆ ಬಿದ್ದು ಮರಣ ಹೊಂದಿದನು,” ಎಂದರು.

ಹಾರೆಯ ಸದ್ದು ನಿಂತಿತು.

“ಗೂಡಿನ ಸಮೇತ್ವಾ?” ಎಂದ ಗಿಡ್ಡಯ್ಯ.

“ಸಮೇತ ಕಣಯ್ಯ.”

“ದೊರೆ ಆಗಿ ಪಾರಿವಾಳದ ಗೂಡಲ್ಲಿ ಅವ್ನಿಗೇನು ಕೆಲ್ಸ? ಅಲ್ಲಾ, ಪಾರಿವಾಳ ಏನಾದ್ವು?”

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅವರ ಮೂವತ್ತೊಂಬತ್ತು ವರ್ಷದ ಬಾಳಿನಲ್ಲಿ ಒಬ್ಬ ಮನುಷ್ಯ ಕಥೆಯ ನಡುವೆ ಎದ್ದು ಹೋಗುವ ಬದಲು ಮುಂದೇನಾಯಿತು ಎಂದು ಕೇಳಿದ್ದು ಅದೇ ಮೊದಲು. ಡೆಸ್ಕನ್ನು ಪಕ್ಕಕ್ಕೆ ತಳ್ಳಿ ಗಿಡ್ಡಯ್ಯನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತರು.

ದ್ರಾಕ್ಷಾಯಣಮ್ಮ ಒಂದೂವರೆ ಗಂಟೆಯ ಮೇಲೆ ಬಂದು ನೋಡಿದರೆ ಸುಲಿದ ಕಾಯಿ ಹನ್ನೊಂದು. ಗಡಿಯಾರ ಮಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿತ್ತು. ಮೇಷ್ಟ್ರು ಬಾಬರನ ಕೋಟೆಯಲ್ಲಿದ್ದರು.

“ನಿಂಗೇನಾಯ್ತಪ್ಪ ಗಿಡ್ಡಯ್ಯ? ನಿನ್ನನ್ನ ಹೊತ್ತು ನೋಡು ಅಂತ ಕೂರ್ಸಿದ್ರೆ, ಕಥೆ ಕೇಳ್ಕಂಡು ಕೂತಿದೀಯಲ್ಲ!”

“ಒಸಿ ತಡೀರಿ ಅಮ್ಮಾವ್ರೆ, ಆ ಹುಡುಗ ಬಾಬರ್‌ಗೆ ಹನ್ನೆಲ್ಡು ವರ್ಸ ಅಷ್ಟೇ, ಮೂರ್ ದಿಕ್ಕಿಂದ ಚಿಕ್ಕಪ್ಪ ಮಾವದೀರು ಮುಗಿಬಿದ್ದವ್ರೆ,” ಎಂದ ಗಿಡ್ಡಯ್ಯ.

ಮಾರನೇ ದಿನ ದ್ರಾಕ್ಷಾಯಣಮ್ಮ ಅವನ ಕಿವಿಗೆ ಹತ್ತಿ ತುರುಕಿಸಿದರು. ಮಧ್ಯಾಹ್ನದ ಹೊತ್ತಿಗೆ ಹತ್ತಿ ಎಮ್ಮೆಯ ಮುಂದೆ ಬಿದ್ದಿತ್ತು. ಮೂರನೇ ದಿನ ಹಾರೆಯನ್ನು ಕೊಟ್ಟಿಗೆಯ ಆಚೆಗೆ, ಗೋಡೆಯ ಹಿಂದಕ್ಕೆ ಹಾಕಿಸಿ, ತೋಟದ ಕೆಲಸವನ್ನು ಬೆಳಗಿನ ಜಾವಕ್ಕೆ ತಳ್ಳಿ, ತಾವೇ ಮೊರದ ತುಂಬ ಅವರೇಕಾಯಿ ಹಾಕಿಕೊಂಡು ಗಂಡನ ಎದುರಿಗೆ ಕೂತರು. ಗೋಡೆಯಾಚೆ ಕಾಯಿ ಕುಕ್ಕುವ ಸದ್ದು. ಈಚೆ ಮೇಷ್ಟ್ರ ಬಾಯಿ. ನಡುವೆ ಅವರೇಕಾಯಿ. ಅಲ್ಲಿಂದ ‘ಆಯ್ತು’ ಎಂಬ ಕೂಗು ಬಂದ ತಕ್ಷಣ ಕೈ ಚಾಚಿ ಹಾಳೆ ಕಿತ್ತುಕೊಳ್ಳುತ್ತಿದ್ದರು.

“ವಾಕ್ಯ ಮುಗಿದಿಲ್ಲ ಕಣೇ!”

“ಮುಗೀದಿದ್ರೆ ಮುಗೀದಿರ್ಲಿ. ಎರಡನೇ ಪ್ರಶ್ನೆ ಶುರು ಮಾಡ್ಕಳಿ.”

“ಷೇರ್ ಷಾ ಕೋಟೆ ಬಾಗಿಲಲ್ಲಿ ನಿಂತವ್ನೆ!”

“ನಿಂತಿರ್ಲಿ. ಕಾಲು ನೋಯಲ್ಲ ಅವನ್ಗೆ.”

ಜನವರಿ ಹೀಗೇ ಕಳೆಯಿತು. ಕೂಗಿನ ಮೇಲೆ ಒಂದು ವಾಕ್ಯ ಹೆಚ್ಚು ಬರೆದರೆ ಸಂಜೆಯ ಕಾಫಿ ಇಲ್ಲ, ಎರಡು ಬರೆದರೆ ಎಲೆಅಡಿಕೆಯೂ ಇಲ್ಲ. ಫೆಬ್ರವರಿಯಲ್ಲಿ ಮೇಷ್ಟ್ರು ಹದಿನೆಂಟು ದಿನ ಕಾಫಿ ಕುಡಿಯಲಿಲ್ಲ. ಮೈ ಇಳಿದು ಹೋಯಿತು. ಬರೆಯದೆ ಉಳಿದ ವಾಕ್ಯಗಳು ಹೊಟ್ಟೆಯಲ್ಲೇ ಉಳಿದು ಅಜೀರ್ಣವಾದಂತೆ ಓಡಾಡುತ್ತಿದ್ದರು. ಒಂದು ಮಧ್ಯಾಹ್ನ ಸಿಟ್ಟು ಬಂದು ಎದ್ದು ಗೋಡೆಯಾಚೆ ಗಿಡ್ಡಯ್ಯನ ಹತ್ತಿರ ಹೋಗಿ ಕೂತರು. ಗಿಡ್ಡಯ್ಯ ಒಂದು ಕಾಯಿಯನ್ನು ಹಾರೆಗೆ ಕುಕ್ಕಿ, ಅದು ಜಗ್ಗಲಿಲ್ಲವೆಂದು ಕಂಡು, ಎರಡನೇ ಸಲ ಕುಕ್ಕದೆ ಪಕ್ಕಕ್ಕೆ ಎಸೆದು ಬೇರೆಯದನ್ನು ಎತ್ತಿಕೊಂಡ.

“ಅದನ್ಯಾಕಯ್ಯ ಎಸೆದೆ?”

“ಗಟ್ಟಿ ಕಾಯಿ ಮೇಷ್ಟ್ರೇ. ಅದ್ರ ಜೊತೆ ಗುದ್ದಾಡ್ತಾ ಕುಂತ್ರೆ ಮಿಕ್ಕಿದ್ದು ಯಾರು ಸುಲೀತಾರೆ? ಕೊನೇಲಿ ನೋಡ್ಕಂಡ್ರಾಯ್ತು. ಆಗ್ಲಿಲ್ಲ ಅಂದ್ರೆ ಅಮ್ಮಾವ್ರು ಮಚ್ಚಲ್ಲಿ ಹೊಡ್ಕತಾರೆ.”

“ಗಟ್ಟಿ ಇರೋದನ್ನ ಬಿಡು ಅಂದ್ರೆ ನಾನೂ ಬಿಟ್ಟೇನು ಗಿಡ್ಡಯ್ಯ. ಇಷ್ಟವಾಗಿರೋದನ್ನ ಹೆಂಗಯ್ಯ ಬಿಡೋದು?”

ಗಿಡ್ಡಯ್ಯ ಕೈಯಲ್ಲಿದ್ದ ಕಾಯಿಯನ್ನು ಒಂದು ಗಳಿಗೆ ನೋಡಿದ. “ಕಾಯಿ ಮ್ಯಾಲೆ ಪ್ರೀತಿ ಇಕ್ಕಂಡ್ರೆ ಕೂಲಿ ಹುಟ್ಟಲ್ಲ ಮೇಷ್ಟ್ರೇ. ಅಷ್ಟೇ ನಂಗೊತ್ತು,” ಎಂದು ಹೇಳಿ ಹಾರೆಗೆ ಕುಕ್ಕಿದ.

ಮೇಷ್ಟ್ರು ಎದ್ದು ಬಂದು ಡೆಸ್ಕಿನ ಮುಂದೆ ಕೂತರು. ಮಾರ್ಚ್ ಮುಗಿಯುವ ಹೊತ್ತಿಗೆ ಕೂಗಿದ ಕೂಡಲೇ ಪೆನ್ನು ಎತ್ತುವುದನ್ನು ಕಲಿತಿದ್ದರು. ಎತ್ತುವಾಗ ಮುಖವನ್ನು ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಮಾಡುತ್ತಿದ್ದರು, ಆದರೆ ಎತ್ತುತ್ತಿದ್ದರು. ಅಟ್ಟದ ಕಾಯಿ ಎಂದೋ ಮುಗಿದಿತ್ತು. ಗಿಡ್ಡಯ್ಯ ಈಗ ಬೇರೆಯವರ ಕಾಯಿಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಇಲ್ಲೇ ಸುಲಿಯುತ್ತಿದ್ದ. ಕೇಳಿದರೆ, “ಇಲ್ಲಿ ನೆಳ್ಳು ಚೆನ್ನಾಗೈತೆ,” ಎನ್ನುತ್ತಿದ್ದ.

ಪರೀಕ್ಷೆಯ ದಿನ ಮೊದಲ ಬಸ್ಸಿಗೆ ಇಬ್ಬರೂ ತಿಪಟೂರಿಗೆ ಹೊರಟರು. ಗಂಡನನ್ನು ಒಬ್ಬನನ್ನೇ ಬಿಟ್ಟರೆ ಪಕ್ಕದ ಸೀಟಿನವನ ಮೇಲೆ ವಿಷಯವೆಲ್ಲ ಖರ್ಚಾಗಿ ಹೋಗುತ್ತದೆಂದು ದ್ರಾಕ್ಷಾಯಣಮ್ಮನಿಗೆ ಭಯ. ದಾರಿಯುದ್ದಕ್ಕೂ ಅವರ ಬಾಯಿಗೆ ಎಲೆಅಡಿಕೆ ಕೊಡುತ್ತಲೇ ಇದ್ದರು.

ಪರೀಕ್ಷೆಯ ಹಾಲಿನಲ್ಲಿ ಗಂಟೆ ಬಾರಿಸುವುದು, ಹೆಚ್ಚಿನ ಹಾಳೆ ಮತ್ತು ದಾರ ಕೊಡುವುದು ಅಟೆಂಡರ್ ಅಣ್ಣಯ್ಯನ ಕೆಲಸ. ಐದು ವರ್ಷದಿಂದ ಅವನಿಗೆ ಮೇಷ್ಟ್ರು ಗೊತ್ತು.

“ಬಂದ್ರಾ ಮೇಷ್ಟ್ರೇ? ನಿಮಗೇಂತ್ಲೇ ಒಂದ್ ಕಟ್ಟು ಅಡಿಷನಲ್ ಶೀಟು ತೆಗೆದಿಟ್ಟಿದೀನಿ.”

“ಅಣ್ಣಯ್ಯ, ಇಲ್ಲಿ ಅರ್ಧರ್ಧ ಗಂಟೆಗೆ ಬೆಲ್ಲು ಹೊಡೀತೀರಾ?”

“ಐದು ವರ್ಷದಿಂದ್ಲೂ ನಿಮ್ ಕಿವಿ ಪಕ್ಕದಲ್ಲೇ ಹೊಡೀತಿದೀನಲ್ಲ ಸಾರ್!” ಎಂದ ಅಣ್ಣಯ್ಯ. ಮೇಷ್ಟ್ರು ಒಂದು ಸಲವೂ ಅದನ್ನು ಕೇಳಿಸಿಕೊಂಡಿರಲಿಲ್ಲ.

ಪ್ರಶ್ನೆ ಪತ್ರಿಕೆ ಬಂತು. ಮೊದಲನೇ ಪ್ರಶ್ನೆ: ‘ಹುಮಾಯೂನನ ಕಷ್ಟಗಳನ್ನು ವಿವರವಾಗಿ ಬರೆಯಿರಿ.’

ಬೇರೆ ಯಾರ ಕಷ್ಟವಾದರೂ ಆಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಸಬಹುದಿತ್ತು. ಹುಮಾಯೂನ್ ಅವರ ಮನಸ್ಸಿಗೆ ತುಂಬ ಹತ್ತಿರದವನು. ಅವನೂ ಯಾವುದನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿದವನಲ್ಲ. ಬರೆಯುತ್ತಾ ಹೋದರು. ತುಟಿ ಅಲ್ಲಾಡುತ್ತಿತ್ತು. ಮೇಲ್ವಿಚಾರಕರು ಎರಡು ಸಲ ಬಂದು ‘ಮೆಲ್ಲಗೆ’ ಎಂದರು. ಚೌಸಾದಲ್ಲಿ ಸೋತು ನದಿಗೆ ಬಿದ್ದಾಗ ನೀರು ಹೊರುವವನೊಬ್ಬ ಗಾಳಿ ತುಂಬಿದ ತೊಗಲಿನ ಚೀಲ ಕೊಟ್ಟು ಉಳಿಸಿದ್ದು ಬಂತು. ಕನೌಜಿನ ಸೋಲು ಬಂತು. ಒಡಹುಟ್ಟಿದವರೇ ಕೈ ಬಿಟ್ಟದ್ದು ಬಂತು. ಆಮೇಲೆ ಮರಳುಗಾಡು. ಸಂಗಡ ಹೆಂಡತಿ ಹಮೀದಾ ಬಾನು, ಚೊಚ್ಚಲ ಬಸುರಿ, ದಿನ ತುಂಬುತ್ತಾ ಬಂದಿದೆ. ಶತ್ರುಗಳು ದಾರಿಯ ಬಾವಿಗಳಿಗೆ ಮರಳು ತುಂಬಿದ್ದಾರೆ. ಅವಳಿಗೆ ಕುದುರೆ ಕೊಟ್ಟಿದ್ದ ಸರದಾರನು ತನ್ನ ಕುದುರೆ ಸತ್ತಿತೆಂದು ಅವಳದನ್ನು ವಾಪಸು ಕೇಳುತ್ತಾನೆ. ‘ಆಗ ಹಮೀದಾ ಬಾನು ಕುದುರೆಯಿಂದ ಇಳಿದು, ಸುಡುವ ಮರಳಿನ ಮೇಲೆ’ ಎಂದು ಬರೆಯುತ್ತಿರುವಾಗ ಅಣ್ಣಯ್ಯ ಗಂಟೆ ಬಾರಿಸಿದ.

ಮೇಷ್ಟ್ರ ಪೆನ್ನು ನಿಂತಿತು.

ಎತ್ತಲಿಲ್ಲ. ಕಾಗದದ ಮೇಲೆ ಮಸಿ ಹರಡಿ ಚುಕ್ಕೆ ದೊಡ್ಡದಾಗತೊಡಗಿತು. ಇನ್ನೆರಡೇ ವಾಕ್ಯ, ಎಂದಿತು ಮನಸ್ಸು. ಮೇಷ್ಟ್ರಿಗೆ ತಮ್ಮ ಎರಡು ವಾಕ್ಯದ ಉದ್ದ ಗೊತ್ತಿತ್ತು. ಬಸುರಿ ಹೆಂಗಸನ್ನು ನೀರಿಲ್ಲದ ಕಡೆ ನಿಲ್ಲಿಸಿ ಎದ್ದು ಹೋಗುವವನು ಮನುಷ್ಯನೇ? ಆದರೆ ಇಲ್ಲಿ ನಿಂತರೆ ಜೂನಿನಲ್ಲಿ ಸೋದರಳಿಯ ಬಂದು ಹೈಸ್ಕೂಲಿನ ಹುಡುಗರಿಗೆ ಅಕ್ಬರನು ಅಶೋಕನ ತಮ್ಮ ಎಂದು ಪಾಠ ಹೇಳುತ್ತಾನೆ. ಇವರು ಸಾಯುವತನಕ ಕಿರುಬೆರಳು ಎಣಿಸುತ್ತಾ ಕೂರಬೇಕು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಹುಡುಗ ‘ಪಾಪ, ಮುದುಕಪ್ಪನಿಗೆ ಏನೂ ಬರಲಿಲ್ಲ’ ಎಂದುಕೊಂಡಿರಬೇಕು. ಮೇಷ್ಟ್ರು ಪೆನ್ನು ಎತ್ತಿದರು. ಪೂರ್ಣವಿರಾಮವನ್ನೂ ಹಾಕದೆ ಹಾಳೆ ತಿರುವಿ ‘೨’ ಎಂದು ಬರೆದರು.

ಅಣ್ಣಯ್ಯ ರೂಢಿಯಂತೆ ಹಾಳೆಯ ಕಟ್ಟು ತಂದವನು ಅದನ್ನು ನೋಡಿ ಬೆಚ್ಚಿದ. “ಯಾಕ್ ಸಾರ್, ಮೈಯಾಗೆ ಹುಷಾರಿಲ್ವಾ?” ಎಂದ ಪಿಸುಮಾತಿನಲ್ಲಿ.

ಆ ಮೇಲಿನದನ್ನು ಮೇಷ್ಟ್ರು ಎಂದೂ ಹೆಮ್ಮೆಯಿಂದ ಹೇಳಿಕೊಳ್ಳಲಿಲ್ಲ. ಅಕ್ಬರನ ಧಾರ್ಮಿಕ ನೀತಿಯನ್ನು ಮೂರು ಪುಟದಲ್ಲಿ ಮುಗಿಸಿದರು. ಷೇರ್ ಷಾನ ಆಡಳಿತ ಅರ್ಧಕ್ಕೇ ನಿಂತಿತು. ಮರಾಠರಿಗೆ ಎರಡೂವರೆ ಪುಟ. ಟಿಪ್ಪಣಿಗಳನ್ನು ಬರೆಯುವಾಗ ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿರುವಂತೆ ಬರೆದರು. ಕೊನೆಯ ಗಂಟೆ ಹೊಡೆದಾಗ ಆರೂ ಆಗಿದ್ದವು, ಆರೂ ಅರ್ಧಂಬರ್ಧ ಆಗಿದ್ದವು. ಹೊರಗೆ ಮರದ ನೆರಳಿನಲ್ಲಿ ಕಾಯುತ್ತಿದ್ದ ದ್ರಾಕ್ಷಾಯಣಮ್ಮ, “ಎಷ್ಟು ಬರೆದ್ರಿ?” ಎಂದು ಕೇಳಿದರು.

“ಎಲ್ಲಾ,” ಎಂದು ಹೇಳಿ ಮೇಷ್ಟ್ರು ಮುಂದೆ ನಡೆದರು. ಮನೆ ತಲುಪುವವರೆಗೂ ಮಾತಾಡಲಿಲ್ಲ. ಬಸ್ಸಿನಲ್ಲಿ ಊರಿನ ನಾಲ್ಕು ಜನ ಅವರನ್ನು ನೋಡಿ ಹೆದರಿದರು.

ಜೂನ್ ಮೊದಲ ವಾರ ಪೇಪರಿನಲ್ಲಿ ನಂಬರುಗಳು ಬಂದವು. ಮೇಷ್ಟ್ರು ನೋಡಲು ಒಲ್ಲೆ ಎಂದು ಹಿತ್ತಿಲಿಗೆ ಹೋದರು. ದ್ರಾಕ್ಷಾಯಣಮ್ಮ ಜಗಲಿಯಲ್ಲಿ ಕೂತು ಮೂರನೇ ದರ್ಜೆಯ ಸಾಲಿನಲ್ಲಿ ಬೆರಳಿಟ್ಟು ಇಳಿಯುತ್ತಾ ಬಂದು, ಒಂದು ಕಡೆ ನಿಲ್ಲಿಸಿ, ಹಾಲ್ ಟಿಕೆಟ್ಟಿನ ಜೊತೆ ಮೂರು ಸಲ ಹೋಲಿಸಿ, ಆಮೇಲೆ ಬೀದಿಗೆ ಕೇಳುವಂತೆ ಕಿರುಚಿದರು. ಊರೆಲ್ಲ ಬಂತು. ಎಲ್ಲರಿಗೂ ಕೊಬ್ಬರಿ ಸಕ್ಕರೆ, ಕಾಫಿ. ಮಲ್ಲಿಕಾರ್ಜುನಯ್ಯನವರು ಕಾಫಿಯ ಮೇಲಿನ ನೊರೆ ಊದುತ್ತಾ, “ಸರಿ ಬುಡಿ ಮೇಷ್ಟ್ರೇ, ನನ್ ಸೋದರಳಿಯನ್ನ ಮಂಡಿ ಲೆಕ್ಕ ಬರೆಯಾಕೆ ಹಾಕ್ಕತೀನಿ. ಹದಿನೈದ್ನೇ ತಾರೀಖ್ಗೆ ಬಂದು ಸೇರ್ಕಳಿ,” ಎಂದರು. ವಾರದ ಮೇಲೆ ಅಂಕಪಟ್ಟಿಯೂ ಬಂತು. ಮೂವತ್ತೆಂಟು.

ಅಂಕಪಟ್ಟಿ ಬಂದ ದಿನ ಸಂಜೆ ಮೇಷ್ಟ್ರು ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿತ್ತಿಲ ಕಟ್ಟೆಯ ಮೇಲೆ ಮಂಕಾಗಿ ಕೂತಿದ್ದರು. ದ್ರಾಕ್ಷಾಯಣಮ್ಮ ಹಾಲು ಕರೆದುಕೊಂಡು ಬಂದು ನೋಡಿದರು.

“ಪಾಸಾದ್ರೂ ಹಿಂಗ್ಯಾಕ್ರೀ ಕೂತಿದೀರ?”

“ಆ ಹೆಣ್ಮಗಳನ್ನ ಮರಳುಗಾಡಲ್ಲಿ ನಿಲ್ಸಿ ಬಂದ್ಬಿಟ್ಟೆ ಕಣೇ.”

“ಯಾವ್ ಹೆಣ್ಮಗಳನ್ನ?”

ಮೇಷ್ಟ್ರು ಹೇಳಿದರು. ಚೌಸಾದಿಂದಲ್ಲ, ಕನೌಜಿನಿಂದಲ್ಲ. ಗಂಟೆ ಹೊಡೆದ ಜಾಗದಿಂದ ಹಿಂದಕ್ಕೆ ನಾಲ್ಕೇ ವಾಕ್ಯ: ಬಸುರು, ಬಾವಿ, ಮರಳು, ಕುದುರೆ. ಹೆಂಡತಿ ಈಗ ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ ಎಂದುಕೊಂಡಿದ್ದರು.

ದ್ರಾಕ್ಷಾಯಣಮ್ಮ ಪಾತ್ರೆಯನ್ನು ಕೆಳಗಿಟ್ಟು ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತರು. ತಾಲೀಮಿನ ನಾಲ್ಕು ತಿಂಗಳಲ್ಲಿ ಅವರು ಎಷ್ಟೋ ರಾಜರ ಹುಟ್ಟು ಕೇಳಿದ್ದರು, ಒಬ್ಬನ ಸಾವನ್ನೂ ಕೇಳಿರಲಿಲ್ಲ. ಪ್ರತಿ ಸಲವೂ ಹಾಳೆ ಕಿತ್ತುಕೊಂಡ ಕೈ ಅವರದೇ. ಅದು ಈಗ ನೆನಪಾಗಿ ಅವರಿಗೆ ನಾಚಿಕೆಯಾಯಿತು.

“ಆಮೇಲೆ? ನೀರು ಸಿಕ್ತಾ ಅವಳಿಗೆ?” ಎಂದು ಕೇಳಿದರು.

ಮೇಷ್ಟ್ರು ಹೆಂಡತಿಯ ಮುಖವನ್ನು ನೋಡಿದರು. ಆಟವಲ್ಲ, ನಿಜವಾಗಿ ಕೇಳುತ್ತಿದ್ದರು.

“ಗಂಡ ತನ್ ಕುದುರೇನ ಅವಳಿಗೆ ಕೊಟ್ಟು ತಾನು ಒಂಟೆ ಹತ್ತಿದ ಕಣೇ. ಎಷ್ಟೋ ಜನ ದಾರೀಲೇ ಬಾಯಾರಿ ಸತ್ರು. ಇವ್ರು ಹೆಂಗೋ ಅಮರಕೋಟೆ ಅನ್ನೋ ಊರು ಸೇರ್ಕಂಡ್ರು. ಅಲ್ಲಿನ ರಾಣಾ ಜಾಗ ಕೊಟ್ಟ. ಅಲ್ಲೇ ಗಂಡು ಮಗು ಆಯ್ತು. ಅವ್ನೇ ಅಕ್ಬರ್. ಸುದ್ದಿ ಬಂದಾಗ ಹುಮಾಯೂನನ ಹತ್ರ ಹಂಚೋಕೆ ಏನೂ ಇರ್ಲಿಲ್ಲ. ಒಂದು ಕಸ್ತೂರಿ ಇತ್ತಂತೆ, ಅದನ್ನೇ ಒಡೆದು ಎಲ್ರಿಗೂ ಚೂರು ಚೂರು ಕೊಟ್ಟ.”

“ಅಯ್ಯೋ ಶಿವನೇ,” ಎಂದರು ದ್ರಾಕ್ಷಾಯಣಮ್ಮ. “ತವರಿಲ್ಲ, ಊರಿಲ್ಲ. ಬಾಣಂತನ ಯಾರ್ರೀ ಮಾಡಿದ್ರು ಅವಳಿಗೆ?” ಎಂದು ಕೇಳಿದರು.

ಮೇಷ್ಟ್ರು ಬಾಯಿ ತೆರೆದರು. ಓದಿದ್ದ ಪುಸ್ತಕಗಳನ್ನೆಲ್ಲ, ಅಂಚಿನ ಪೆನ್ಸಿಲ್ ಬರಹವನ್ನೆಲ್ಲ ಮನಸ್ಸಿನಲ್ಲೇ ತಿರುವಿ ನೋಡಿದರು. ಎಲ್ಲೂ ಇರಲಿಲ್ಲ. ತಾವೂ ಯಾವತ್ತೂ ಕೇಳಿಕೊಂಡಿರಲಿಲ್ಲ.

“ಗೊತ್ತಿಲ್ಲ ಕಣೇ,” ಎಂದರು.

ಅಷ್ಟು ಹೇಳಿ ಅವರು ನಿಲ್ಲಿಸಿದ್ದನ್ನು ದ್ರಾಕ್ಷಾಯಣಮ್ಮನಿಗೆ ನಂಬಲಾಗಲಿಲ್ಲ. ಇನ್ನೇನಾದರೂ ಬರುತ್ತದೆಂದು ಅವರು ಬಹಳ ಹೊತ್ತು ಅಲ್ಲೇ ಕೂತು ಕಾದರು.